ಬಿಚ್ಚುವ ಮೊದಲು ಅಳತೆ ನೋಡಿದ ಚಾಚಾಗೆ

ರಿಪೇರಿಯಾದ ಮೇಲೆ ನಮ್ಮ ಲಾರಿ ಈ ವಾರಕ್ಕೆ 5,000 ಕಿಲೋಮೀಟರ್ ಓಡಿತು. ಅಷ್ಟು ಓಡಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ.

ಅಪ್ಪ ಓಡಿಸುತ್ತಿದ್ದ ಹಳೆಯ ಆರು ಚಕ್ರದ ಗಾಡಿ ಅದು. ಗದಗದಿಂದ ಉಳ್ಳಾಗಡ್ಡಿ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೊರಟಿದ್ದೆ. ಹುಲಕೋಟಿಯಲ್ಲಿ ಹಂಪ್‌ಗೆ ಸ್ಪೀಡ್ ಇಳಿಸಿದಾಗ ಎಂಜಿನ್ ಆಯಿಲ್ ಪ್ರೆಶರ್ ಕಡಿಮೆಯಾದರೆ ಉರಿಯುವ ಆಯಿಲ್ ಲೈಟ್ ಹತ್ತಿತು, ಎಕ್ಸಿಲೇಟರ್ ಕೊಟ್ಟ ಕೂಡಲೇ ಆರಿತು. ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ನಿಂತಲ್ಲೆಲ್ಲ ಹತ್ತತೊಡಗಿತು. ಚಹಾ ಅಂಗಡಿ ಮುಂದಿದ್ದ ಡ್ರೈವರ್ ಅಣ್ಣ ಒಬ್ಬರು ಸದ್ದು ಕೇಳಿ ಬಂದು ಕೀ ತೆಗೆದುಕೊಂಡೇ ಬಿಟ್ಟರು. "ಇನ್ನ ಓಡಿಸಬ್ಯಾಡ ತಮ್ಮಾ, ಕ್ರ್ಯಾಂಕ್ ಹೋಗ್ತೈತಿ" ಅಂದರು. ಅವರ ಗಾಡಿ ಖಾಲಿ ಇತ್ತು. ರಾತ್ರಿ ಹನ್ನೊಂದಕ್ಕೆ ಬಂದ ಹಮಾಲರು 200 ಚೀಲ ಅದಕ್ಕೆ ಏರಿಸಿದರು. ಮಾಲು ಕೆಡಲಿಲ್ಲ. ಅಣ್ಣಾ, ನಿಮ್ಮ ಉಪಕಾರ ದೊಡ್ಡದು.

ಮೊದಲು ತೋರಿಸಿದ ಗ್ಯಾರೇಜ್‌ನಲ್ಲಿ ಆ ಲೈಟ್ ಹೊತ್ತಿಸುವ ಆಯಿಲ್ ಸ್ವಿಚ್ ಬದಲಿಸಿದರು. ಲೈಟ್ ಆರಲಿಲ್ಲ. ಎಂಜಿನ್ ಇಳಿಸಬೇಕು, 1.8 ಲಕ್ಷ ಆಗುತ್ತೆ ಅಂದರು. ಸೊಸೈಟಿ ಸಾಲಕ್ಕೆ ಅರ್ಜಿ ತುಂಬಿದ್ದೂ ಆಯಿತು. ಅಷ್ಟರಲ್ಲಿ ಯಾರೋ ಗಬ್ಬೂರು ಕಡೆಯ ಮಿಸ್ತ್ರಿ ಚಾಚಾ ಹತ್ತಿರ ಒಮ್ಮೆ ಹೋಗು ಅಂದರು.

ಚಾಚಾ ಸ್ಪ್ಯಾನರ್ ಹಿಡಿಯಲಿಲ್ಲ. "ಎಂಜಿನ್ ಬಿಚ್ಚೂದು ಕಡೀಕ. ಮೊದ್ಲ ಅಳತಿ ನೋಡೂಣು" ಅಂದರು. ಸ್ವಿಚ್ ಇದ್ದ ಜಾಗಕ್ಕೆ ತಾಮ್ರದ ಪೈಪಿನ ತಮ್ಮದೇ ಪ್ರೆಶರ್ ಗೇಜ್ ಕೂರಿಸಿದರು. ತಣ್ಣಗಿದ್ದಾಗ ಪ್ರೆಶರ್ ನಾಲ್ಕು ಕೆಜಿ. ಮುಕ್ಕಾಲು ತಾಸು ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಸ್ಲೋನಲ್ಲಿ, ಅಂದರೆ ಎಕ್ಸಿಲೇಟರ್ ಒತ್ತದೆ ಬಿಟ್ಟಾಗ, ಅರ್ಧ ಕೆಜಿಯೂ ಇಲ್ಲ. ಲೈಟ್ ಸುಳ್ಳು ಹೇಳುತ್ತಿರಲಿಲ್ಲ.

ಆಮೇಲೆ ಡಿಪ್‌ಸ್ಟಿಕ್ ಎಳೆದರು. ಆಯಿಲ್ ಮೇಲಿನ ಗೆರೆಗಿಂತ ಎರಡು ಬೆರಳು ಜಾಸ್ತಿ ಇತ್ತು. ಆಯಿಲ್ ಕಡಿಮೆಯಾಗಿಲ್ಲ ಅಂತ ನಾನು ದಿನಾ ನೋಡಿ ನೆಮ್ಮದಿಯಿಂದಿದ್ದೆ. ಹೆಚ್ಚಾಗಿದೆ ಅಂದರೆ ಏನೋ ಒಳಗೆ ಸೇರುತ್ತಿದೆ ಅಂತ ಹೊಳೆದಿರಲಿಲ್ಲ. ಚಾಚಾ ಮದುವೆ ಪತ್ರಿಕೆಯೊಂದರ ಹಿಂಬದಿಗೆ ಒಂದು ಹನಿ ಬಿಟ್ಟು ಬಿಸಿಲಲ್ಲಿ ಇಟ್ಟರು. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ನಿಧಾನಕ್ಕೆ ತೆಳು ಹಳದಿ ಉಂಗುರ ಹರಡಿತು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಸೀಲ್ ಸವೆದಿತ್ತು. ಅಲ್ಲಿ ಸೋರಿದ ಡೀಸೆಲ್, ಎಂಜಿನ್‌ಗೆ ಡೀಸೆಲ್ ಕೊಡುವ ಮುಖ್ಯ ಪಂಪಿನ ಒಳಕ್ಕೆ, ಅಲ್ಲಿಂದ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತಿತ್ತು. ಡೀಸೆಲ್ ಕೂಡಿದ ಆಯಿಲ್ ಬಿಸಿಯಾದರೆ ನೀರಿನಂತೆ ತೆಳ್ಳಗಾಗುತ್ತೆ, ಕ್ರ್ಯಾಂಕ್ ತಿರುಗುವ ಬೇರಿಂಗ್ ಸಂದಿಯಲ್ಲಿ ಸರಕ್ಕನೆ ಹರಿದು ಹೋಗುತ್ತೆ. ಪ್ರೆಶರ್ ನಿಲ್ಲೋದು ಹೇಗೆ?

ನನಗೆ ಬೇರಿಂಗ್ ಚಿಂತೆ. ಅದನ್ನೂ ಅವರು ಸುಮ್ನೆ ಬಿಡಲಿಲ್ಲ. ಹಳೆಯ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಅಯಸ್ಕಾಂತ ಆಡಿಸಿದರು. ಕಬ್ಬಿಣದ ಚೂರು ಅಂಟಲಿಲ್ಲ, ಹೊಳೆಯುವ ಪುಡಿಯೂ ಕಾಣಲಿಲ್ಲ. ಚೇಂಬರ್ ಇಳಿಸಿ ಜಾಲರಿ ತೊಳೆದರು. ಪ್ರೆಶರ್ ಮಿತಿಯಲ್ಲಿಡುವ ರಿಲೀಫ್ ವಾಲ್ವ್ ತೆಗೆದು ಸ್ಪ್ರಿಂಗ್ ನೋಡಿದರು. ಕ್ರ್ಯಾಂಕಿಗೆ ರಾಡ್ ಹಿಡಿಸುವ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚಿ ಬೇರಿಂಗನ್ನು ನನ್ನ ಅಂಗೈ ಮೇಲಿಟ್ಟರು. ಕೂದಲೆಳೆಯಂಥ ಗೀರು ಇತ್ತು. "ಒಳಗಿನ ತಾಮ್ರ ಕಾಣಸ್ತೈತೇನು?" ಕಾಣಲಿಲ್ಲ. "ಹಂಗಾದ್ರ ಇನ್ನೂ ಬಾಳತೈತಿ."

ಸೀಲ್, ಫಿಲ್ಟರ್, ಗ್ಯಾಸ್ಕೆಟ್, ಹೊಸ 15ಡಬ್ಲ್ಯೂ-40 ಆಯಿಲ್, ಕೂಲಿ ಎಲ್ಲ ಸೇರಿ 13,500 ರೂಪಾಯಿ. ಸಾಲದ ಅರ್ಜಿ ಇನ್ನೂ ಡ್ಯಾಶ್‌ಬೋರ್ಡಿನಲ್ಲೇ ಇದೆ. ಗಾಡಿ ನಿಂತಷ್ಟು ದಿನ ಅವ್ವ ದುಡ್ಡಿನ ಮಾತೇ ತೆಗೆಯಲಿಲ್ಲ, ಅವಳಿಗೂ ಋಣಿ.

ಹೊರಡುವಾಗ ಚಾಚಾ ಆ ಗೇಜ್ ಬಿಚ್ಚಲಿಲ್ಲ. ಪೈಪ್ ಉದ್ದ ಮಾಡಿ ಕ್ಯಾಬಿನ್‌ನಲ್ಲಿ, ನನ್ನ ಕಣ್ಣೆದುರೇ ಕೂರಿಸಿದರು. ಅದಕ್ಕೆ ಎಷ್ಟು ಅಂದರೆ ಕೈ ಒರೆಸಿಕೊಳ್ಳುತ್ತ ಬೇರೆ ಗಾಡಿ ಕಡೆ ನಡೆದರು. ಅವತ್ತು ನನಗೆ ಮಾತೇ ಬರಲಿಲ್ಲ.

ಇದನ್ನು ಅವರ ಮೊಮ್ಮಗ ಓದಿ ಹೇಳುತ್ತಾನೆ ಅಂತ ಗೊತ್ತು. ಚಾಚಾ, ಇವತ್ತು ಅಮರಗೋಳದಲ್ಲಿ ಮಾಲು ಇಳಿಸುವ ಮೊದಲು ನೋಡಿದೆ. ಬಿಸಿ ಎಂಜಿನ್, ಸ್ಲೋನಲ್ಲಿ ಒಂದೂವರೆ ಕೆಜಿ. ಮುಳ್ಳು ಅಲ್ಲಾಡಿಲ್ಲ.