ಬೆಳಕಿಂಡಿ ಮುಚ್ಚಿದ್ದ ಆ ಶನಿವಾರ

ಡಲ್ಲಾಸ್, ಏಪ್ರಿಲ್ 9, 2024

ಪ್ರೀತಿಯ ದೋಸ್ತ,

ಯುಗಾದಿಯ ಶುಭಾಶಯ. ನಿನ್ನೆ ಅಮಾವಾಸ್ಯೆ ದಿನ ಇಲ್ಲಿ ಖಗ್ರಾಸ ಸೂರ್ಯಗ್ರಹಣ ನೋಡಿದೆ. ಫೋನ್ ಮಾಡಿ ಹೇಳೋಣ ಅಂತ ಎರಡು ಸಲ ಕೂತೆ. ಗಂಟಲು ಕಟ್ಟಿತು, ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಗ್ರಹಣ ನಾವೇನ್ ಕಂಡಿಲ್ಲೇನು?" ಅಂತ ಹೋದ ವಾರ ಕೇಳಿದೆಯಲ್ಲ. ನಿಜ, 2019ರ ಡಿಸೆಂಬರ್‌ನಲ್ಲಿ ಮಂಗಳೂರಲ್ಲಿದ್ದಾಗ ನೀನು ನೋಡಿದ್ದೆ. ಆದರೆ ಅದು ಕಂಕಣ ಗ್ರಹಣ. ಅವತ್ತು ಚಂದ್ರ ನಮ್ಮಿಂದ ಸ್ವಲ್ಪ ದೂರ ಇದ್ದ, ಸೂರ್ಯನನ್ನು ಪೂರ್ತಿ ಮುಚ್ಚಲು ಸಾಲಲಿಲ್ಲ, ಸುತ್ತ ಉಳಿದ ಬಳೆಯಷ್ಟು ಬೆಳಕಿಗೇ ಹಗಲು ಹಗಲಾಗಿಯೇ ಇತ್ತು. ನೂರಕ್ಕೆ 99 ಪಾಲು ಮುಚ್ಚಿದರೂ ಕತ್ತಲಾಗುವುದಿಲ್ಲ. ಇದನ್ನು ನಾನೂ ನಿನ್ನೆ ಕಣ್ಣಾರೆ ಕಂಡ ಮೇಲೇ ನಂಬಿದ್ದು.

ಬೆಳಗ್ಗೆ ಎದ್ದರೆ ಆಕಾಶದ ತುಂಬ ಮೋಡ. ಮಗಳು ಮಾತೇ ಆಡಲಿಲ್ಲ, ಸುಮ್ನೆ ಕಿಟಕಿ ಹತ್ತಿರ ನಿಂತಿದ್ದಳು. ಹನ್ನೆರಡೂವರೆ ಸುಮಾರಿಗೆ ಮೋಡ ಅಲ್ಲಲ್ಲಿ ಹರಿಯಿತು, ನಾವು ಪಾರ್ಕಿಗೆ ಓಡಿದೆವು. ಹಬ್ಬದ ಬೂಂದಿಗೆ ಅಂತ ತಂದಿದ್ದ ಝಾರಾ ಹಿಡಿದುಕೊಂಡು ಹೋಗಿದ್ದೆ. ಅದನ್ನು ಬಿಸಿಲಿಗೆ ಹಿಡಿದರೆ ಕೆಳಗಿನ ಸಿಮೆಂಟ್ ಮೇಲೆ ಒಂದೊಂದು ತೂತಿಗೂ ಒಂದೊಂದು ಸೂರ್ಯ, ಎಲ್ಲವೂ ಒಂದೇ ಕಡೆ ಕಚ್ಚಿದ ಹಾಗೆ! ಪಕ್ಕದ ಚಾಪೆಯವರ ಸಣ್ಣ ಹುಡುಗಿ ಓಡಿ ಬಂದು ಆ ಚೂರುಗಳ ಮೇಲೆ ಕೈ ಇಟ್ಟಳು, ಅವು ಅವಳ ಅಂಗೈ ಮೇಲೆ ಹತ್ತಿ ಕೂತವು.

ಒಂದೂಕಾಲರ ಹೊತ್ತಿಗೆ ಬಿಸಿಲಿನ ಬಣ್ಣ ಕೆಟ್ಟಿತು. ಸಂಜೆಯ ಕೆಂಪು ಅಲ್ಲ, ಬೂದಿ ಬಣ್ಣ. ಮೈಗೆ ತಣ್ಣಗಾಯಿತು, ಮಗಳು ಸ್ವೆಟರ್ ಹಾಕಿಕೊಂಡಳು. ಆಮೇಲೆ 1:40ಕ್ಕೆ, ನೈಋತ್ಯದ ಕಡೆಯಿಂದ ಕತ್ತಲು ಬಂದೇಬಿಟ್ಟಿತು. ಕೊನೆಯ ಒಂದು ಹನಿ ಬೆಳಕು ವಜ್ರದ ಉಂಗುರದ ಹಾಗೆ ಮಿಂಚಿ ಆರಿತು. ಗ್ರಹಣ ನೋಡುವ ಕನ್ನಡಕ ತೆಗೆದೆ.

ದೋಸ್ತ, ಮೇಲೆ ಸೂರ್ಯ ಇರಲಿಲ್ಲ. ಸೂರ್ಯನ ಜಾಗದಲ್ಲಿ ಒಂದು ಕರಿ ಬಿಲ್ಲೆ. ಅಷ್ಟು ಕಪ್ಪನ್ನು ನಾನು ಬೇರೆಲ್ಲೂ ನೋಡಿಲ್ಲ. ಅದರ ಸುತ್ತ ಕರೋನಾ, ಅಂದರೆ ಸೂರ್ಯನ ಹೊರಗಿನ ತೆಳು ಹೊದಿಕೆ, ನಮ್ಮೂರ ಹಿಂಜಿದ ಅರಳೆ ಇದೆಯಲ್ಲ, ಹಾಗೆ, ಬೆಳ್ಳಗೆ, ಎಳೆ ಎಳೆಯಾಗಿ ಎಲ್ಲ ದಿಕ್ಕಿಗೂ ಚಾಚಿತ್ತು. ಸೂರ್ಯನ ಮೈ 5,500 ಡಿಗ್ರಿ ಆದರೆ ಈ ಎಳೆಗಳು ಹತ್ತು ಲಕ್ಷ ಡಿಗ್ರಿಗೂ ಜಾಸ್ತಿ ಬಿಸಿ. ಕೆಳಗೆ ಬಲಗಡೆ ಶುಕ್ರ, ಮೇಲೆ ಎಡಗಡೆ ಗುರು. ಸುತ್ತ ನಾಲ್ಕೂ ದಿಕ್ಕಿನ ಅಂಚಿನಲ್ಲಿ ಮುಸ್ಸಂಜೆಯ ಬೆಳಕು. ಜನ ಕೂಗುತ್ತಿದ್ದರು, ನಾನೂ ಕೂಗಿದೆನಂತೆ, ಮಗಳು ಹೇಳಿದಳು.

ಬಿಲ್ಲೆಯ ಕೆಳ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಕುಂಕುಮದ ಕಣದಂತೆ. ಅದು ಸೂರ್ಯನಿಂದ ಎದ್ದ ಅನಿಲದ ಜ್ವಾಲೆ, ಭೂಮಿಗಿಂತ ದೊಡ್ಡದು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದಂದು ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಲೆಫ್ಟಿನೆಂಟ್ ಇದೇ ರೀತಿ ಮೋಡ ಸರಿಯುವುದನ್ನು ಕಾದು, ಇಂಥ ಜ್ವಾಲೆಯ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿ, ಅದು ಅನಿಲವೇ ಎಂದು ಕಂಡುಕೊಂಡಿದ್ದ. ಅದೇ ಗ್ರಹಣವನ್ನು ಬೇರೆ ಊರುಗಳಲ್ಲಿ ನೋಡಿದ ಇನ್ನೂ ಕೆಲವರೂ ಇದನ್ನೇ ಕಂಡುಕೊಂಡರು. ಜಮಖಂಡಿ! ಶಾಲೆಯಲ್ಲಿ ನಮಗೆ ಯಾರೂ ಇದನ್ನು ಹೇಳಲಿಲ್ಲ.

3 ನಿಮಿಷ 51 ಸೆಕೆಂಡ್. ಅಷ್ಟೇ. ಬಲಗಡೆ ಮತ್ತೆ ವಜ್ರ ಮಿಂಚಿತು, ಹಗಲಾಯಿತು. ನಾನು ಹುಲ್ಲಿನ ಮೇಲೆ ಕೂತು ಅತ್ತೆ. ಯಾಕೆ ಅಂತ ನಿನಗೆ ಮಾತ್ರ ಗೊತ್ತಾಗುತ್ತದೆ.

1980ರ ಫೆಬ್ರವರಿ 16, ಶನಿವಾರ. ನಾವು ಮೂರನೇ ಇಯತ್ತೆ. ಚಂದ್ರನ ಇದೇ ನೆರಳು ಅಂಕೋಲಾ ಹತ್ತಿರ ದಡ ಹತ್ತಿ ಹುಬ್ಬಳ್ಳಿ ದಾಟಿ ನಮ್ಮ ಗದಗಿನ ಮೇಲೇ ಹಾದು ರಾಯಚೂರಿನ ಕಡೆ ಹೋಗಿತ್ತು. ಬೆಂಗಳೂರಿನ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದುರ್ಬೀನು ಹೂಡಿ ಕಾದಿದ್ದರು. ನಾವು ನಮ್ಮ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು, ನೀನು, ನಾನು, ನಮ್ಮಜ್ಜಿ. ಕೊಡದ ನೀರಿನ ಮೇಲೆ ಗರಿಕೆ. ಮಾಳಿಗೆ ಮೇಲಿನ ಬೆಳಕಿಂಡಿಗೆ ಅಪ್ಪ ಗೋಣಿಚೀಲ ಹೊದಿಸಿದ್ದರು. ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮೂರೂವರೆ ದಾಟಿದ ಮೇಲೆ ಬಾಗಿಲ ಸಂದಿಯ ಬೆಳಕೂ ಆರಿ ಹೋಗಿದ್ದು, ನೀನು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದು ನೆನಪಿದೆಯಾ?

ಅಜ್ಜಿಯನ್ನು ನಾನು ದೂರುವುದಿಲ್ಲ. ನಮ್ಮ ಕಣ್ಣು ಹೋಗಬಾರದು ಅಂತ ಅವಳಿಗಿದ್ದ ಭಯ ಪ್ರೀತಿಯದೇ. ಆದರೆ ನಿನ್ನೆ ಝಾರಾ ಹಿಡಿದು ನಿಂತಾಗ ಹೊಳೆಯಿತು. ಆ ಚೀಲವನ್ನು ಚೂರು ಸರಿಸಿ ಚಿಕ್ಕ ಕಿಂಡಿ ಬಿಟ್ಟಿದ್ದರೆ ಸಾಕಿತ್ತು, ನಾವು ಹೊರಗೆ ಕಾಲಿಡದೆಯೇ, ಸೂರ್ಯನನ್ನು ನೋಡದೆಯೇ, ಕಚ್ಚಿದ ಸೂರ್ಯ ಪಡಸಾಲೆಯ ಒಳಗೇ ಬಂದು ಬೀಳುತ್ತಿದ್ದ. ಅಜ್ಜಿಯೂ ನೋಡಬಹುದಿತ್ತು. 44 ವರ್ಷ ಆಯಿತು, ಈ ಒಂದು ಮಾತಿಗೆ ಹೊಟ್ಟೆ ಉರಿಯುತ್ತಿದೆ.

2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಜಾಸ್ತಿ ಕತ್ತಲಿದೆ. ಆ ಕಾಲದಲ್ಲಿ ಅಲ್ಲಿ ಮೋಡವೂ ಕಡಿಮೆ. ನಾನು ಹೋಗುವುದು ಖಚಿತ. ಖರ್ಚಿನ ಮಾತು ಆಮೇಲೆ ಆಡೋಣ, ನೀನು ಈ ತಿಂಗಳೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕು.

ನಿನ್ನ ದೋಸ್ತ