ಆ ಒಂದು ‘ಯೂ’ ಬಗ್ಗೆ

ಮಾನ್ಯ ಸಂಪಾದಕರೇ,

ದೀರ್ಘಕಾಲದ ಆತಂಕಕ್ಕೆ ಮಾತಿನ ಚಿಕಿತ್ಸೆ ಕುರಿತು ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿತ್ತು. ಒಂದು ಸಾಲು ಮಾತ್ರ ಚುಚ್ಚಿತು: ‘ಒಬ್ಬರೇ ಹೋಗಿ ಥೆರಪಿಸ್ಟ್ ಕಾಣಲು ಆಗದವರಿಗೆ ಗುಂಪು ಚಿಕಿತ್ಸೆಯೂ ಇದೆ.’ ಗುಂಪು ಎಂದರೆ ಬೇರೆ ದಾರಿಯಿಲ್ಲದವರ ಎರಡನೇ ಆಯ್ಕೆ ಎಂಬಂತೆ ಕೇಳುವ ಆ ‘ಯೂ’ ನನಗೆ ಸರಿಬರಲಿಲ್ಲ. 22 ವರ್ಷ ಕರಡು ತಿದ್ದಿದವನು ನಾನು. ಇಂಥವು ಬೇಗ ಕಣ್ಣಿಗೆ ಬೀಳುತ್ತವೆ.

ಎರಡನ್ನೂ ಕಂಡಿದ್ದೇನೆ. ಮೊದಲು 14 ವಾರ ಒಬ್ಬ ಥೆರಪಿಸ್ಟ್ ಎದುರು, ವಾರಕ್ಕೊಂದು ಗಂಟೆ. ಪುಟ ಅಚ್ಚಿಗೆ ಹೋದ ಮೇಲೆ ನಿದ್ದೆ ಬಾರದು, ಅದೇ ನನ್ನ ಕಾಯಿಲೆ. ಎಲ್ಲೋ ತಪ್ಪು ಉಳಿದಿದೆ, ಕೆಲಸ ಹೋಗುತ್ತದೆ, ಸಾಲ ತೀರುವುದಿಲ್ಲ. ರಾತ್ರಿ ಎರಡರ ಹೊತ್ತಿಗೆ ಮನಸ್ಸಿನಲ್ಲೇ ಬೀದಿಗೆ ಬಂದಿರುತ್ತಿದ್ದೆ. ಭಯಪಟ್ಟಿದ್ದನ್ನು ನೋಟ್‌ಬುಕ್ಕಿನ ಎಡಕ್ಕೆ, ನಿಜಕ್ಕೂ ಆದದ್ದನ್ನು ಬಲಕ್ಕೆ ಬರೆಯಿರಿ ಎಂದರು ಥೆರಪಿಸ್ಟ್. ಯೋಚನೆ, ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಗೆ ಸಿಬಿಟಿ ಎನ್ನುತ್ತಾರಲ್ಲ, ಅದರ ಹೋಮ್‌ವರ್ಕ್. ಬಲಗಡೆ ಬಹುಪಾಲು ಖಾಲಿಯೇ ಉಳಿಯಿತು. ಅಪ್ಪನ ಕೊನೆ ದಿನಗಳಲ್ಲಿ ನಾನು ಪಕ್ಕದಲ್ಲಿ ಇರಲಿಲ್ಲ ಎಂಬ ಮಾತು ಹೊರಬಂದದ್ದೂ ಅದೇ ಕೋಣೆಯಲ್ಲಿ. ಎಂಟು ಜನರ ಮುಂದೆ ಅದು ಬರುತ್ತಿರಲಿಲ್ಲ.

ಆದರೆ ಅಲ್ಲಿ ಒಂದು ಕಳ್ಳಾಟವನ್ನೂ ಆಡಿದೆ. ಒಳ್ಳೆ ವಿದ್ಯಾರ್ಥಿ ಆಗಿಬಿಟ್ಟೆ. ಆ ನೋಟ್‌ಬುಕ್ಕನ್ನೂ ಕರಡು ತಿದ್ದಿಕೊಂಡು ಹೋಗುತ್ತಿದ್ದೆ! ‘ನಾನು ಸರಿಯಾಗಿದ್ದೇನಾ’ ಎಂದು ಪ್ರತಿ ವಾರ ಕೇಳುತ್ತಿದ್ದೆ. ಅವರು ತಲೆಯಾಡಿಸಿದರೆ ಮೂರು ದಿನ ಆರಾಮ, ಆಮೇಲೆ ಮತ್ತದೇ.

ಗುಂಪಿಗೆ ಸೇರಿದ್ದು ಒಂದು ವರ್ಷದ ನಂತರ. ಎಂಟು ಜನ, ಎರಡು ಗಂಟೆ. ಎರಡು ವಾರ ಸುಮ್ನೆ ಕೂತಿದ್ದೆ. ಮೂರನೇ ವಾರ ಒಬ್ಬ ತಾಯಿ ಮಾತಾಡಿದರು. ಮಗಳು ಫೋನ್ ಎತ್ತದಿದ್ದರೆ ಹತ್ತೇ ನಿಮಿಷದಲ್ಲಿ ಅಪಘಾತ, ಆಸ್ಪತ್ರೆ ಎಲ್ಲ ಮುಗಿಸಿ ಅಳುತ್ತಾ ಕೂತಿರುತ್ತಾರಂತೆ. ನನಗೆ ನಗು ಬಂತು, ಅವರನ್ನು ನೋಡಿ ಅಲ್ಲ. ಅದು ನನ್ನದೇ ರಾತ್ರಿ ಎರಡು ಗಂಟೆಯ ಪುಟ, ಹೆಸರುಗಳು ಮಾತ್ರ ಬೇರೆ. ತಾನು ಬರೆದದ್ದರಲ್ಲಿ ತಪ್ಪು ಕಾಣದು, ಬೇರೆಯವರದ್ದರಲ್ಲಿ ತಟ್ಟನೆ ಕಾಣುತ್ತದೆ. ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಇದು. ಇನ್ನೊಮ್ಮೆ ನಾನು ‘ಸರಿಯಾಗಿದ್ದೇನಾ’ ಎಂದಾಗ ಉಳಿದವರೆಲ್ಲ ಒಟ್ಟಿಗೆ ನಕ್ಕರು. ಅವರೂ ಮನೆಯಲ್ಲಿ ಅದನ್ನೇ ಕೇಳುವವರು. ಆ ಪ್ರಶ್ನೆಯ ಚಟ ಬಿಟ್ಟದ್ದು ಅವತ್ತಿನಿಂದ.

ಗುಂಪಿನಲ್ಲಿ ಕಿರಿಕಿರಿಯೂ ಇತ್ತು. ಒಬ್ಬರು ಶುರು ಮಾಡಿದರೆ ನಲವತ್ತು ನಿಮಿಷ. ಜನರ ಮುಂದೆ ಬಾಯಿ ಬಿಡುವುದೇ ಭಯವಾಗಿದ್ದ ಒಬ್ಬ ಹುಡುಗ ಎರಡನೇ ವಾರಕ್ಕೇ ಬಿಟ್ಟ. ಅವನನ್ನು ಅಲ್ಲಿ ಕೂರಿಸಿದ್ದೇ ತಪ್ಪು ಅನಿಸುತ್ತದೆ. ಅಂಥ ಸಾಮಾಜಿಕ ಆತಂಕಕ್ಕೆ ಗುಂಪಿಗಿಂತ ಮೊದಲು ಒಬ್ಬರಿಗೊಬ್ಬರ ಸಿಬಿಟಿ ಕೊಡಿ ಎಂದು ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುತ್ತದೆ. ನನ್ನಂತೆ ಎಲ್ಲದಕ್ಕೂ ಚಿಂತಿಸುವವರಿಗೆ ಅದೇ ಸಂಸ್ಥೆಯ 2011ರ ಸಲಹೆ ಬೇರೆ. ಆರಂಭದ ಮೆಟ್ಟಿಲಲ್ಲಿರುವ ಆಯ್ಕೆಗಳಲ್ಲಿ ಗುಂಪು ತರಗತಿಯೂ ಒಂದು: ಸುಮಾರು 12 ಜನ, ಆರು ವಾರ, ಪ್ರತಿ ಸಲ ಎರಡು ಗಂಟೆ. ಅದು ಸಾಲದಿದ್ದರೆ ಮುಂದೆ ಔಷಧಿ, ಇಲ್ಲವೇ 12ರಿಂದ 15 ವಾರದ ಸಿಬಿಟಿಯಂಥ ಚಿಕಿತ್ಸೆ. ನಾನು ಮೆಟ್ಟಿಲು ಉಲ್ಟಾ ಹತ್ತಿದೆ.

ಆತಂಕ ಹೆಚ್ಚಿದಷ್ಟೂ ಅಂಕ ಹೆಚ್ಚುವ, ಏಳು ಪ್ರಶ್ನೆಗಳ ಜಿಎಡಿ-7 ಪಟ್ಟಿಯಲ್ಲಿ 21ಕ್ಕೆ 17 ಇದ್ದ ನನ್ನ ಅಂಕ ಮೊದಲ ಚಿಕಿತ್ಸೆಯ ನಂತರ 11ಕ್ಕೆ ಬಂತು, ಗುಂಪಿನ ನಂತರ 6ಕ್ಕೆ. ಅಪ್ಪನ ವಿಷಯ ಮೊದಲೇ ಹೇಳಿ ಹಗುರಾಗದಿದ್ದರೆ ಗುಂಪಿನಲ್ಲಿ ನಗಲು ಆಗುತ್ತಿತ್ತಾ? ಅನುಮಾನ.

ಮುಂದಿನ ಲೇಖನದಲ್ಲಿ, ಗುಂಪಿಗೆ ಸೇರುವ ಮೊದಲು ಏನು ಕೇಳಬೇಕು ಎಂಬುದನ್ನೂ ದಯವಿಟ್ಟು ಬರೆಸಿ. ಎಷ್ಟು ಜನ, ನಡೆಸುವವರ ತರಬೇತಿ ಏನು, ಅಲ್ಲಿನ ಮಾತು ಹೊರಗೆ ಹೋದರೆ ಏನು ಕ್ರಮ.

ಈ ಪತ್ರವನ್ನು ಒಂದೇ ಸಲ ಓದಿ ಕಳಿಸುತ್ತಿದ್ದೇನೆ. ಗುಂಪಿನ ಕೊನೆಯ ವಾರದ ಹೋಮ್‌ವರ್ಕ್ ಅದು. ತಪ್ಪಿದ್ದರೆ ನಿಮ್ಮ ಕರಡು ತಿದ್ದುವವರು ನೋಡಿಕೊಳ್ಳಲಿ.

ಇಂತಿ,
ಹೆಸರು ಹಾಕಬೇಡಿ ಎಂದು ಕೋರುವ ಓದುಗ