ಜೀವದ ಲೆಕ್ಕ ಬಯಲಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ಮನುಷ್ಯನ ಜೀವಕ್ಕೆ ಬೆಲೆ ಕಟ್ಟುವುದೇ ಪಾಪ ಎಂದು ಅನೇಕರು ಹೇಳುತ್ತಾರೆ. ಆ ಮಾತಿನ ಹಿಂದಿರುವ ಕಳಕಳಿ ನನಗೂ ಇದೆ. ಆದರೆ ತಿರುವಿನಲ್ಲಿ ತಡೆಗೋಡೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಎಂಜಿನಿಯರ್, ದುಬಾರಿ ಔಷಧಿಯನ್ನು ಸರ್ಕಾರಿ ಪಟ್ಟಿಗೆ ಸೇರಿಸಲು ಕೂತ ಸಮಿತಿ, ಇವರೆಲ್ಲ ಬಾಯಿಬಿಟ್ಟು ಹೇಳದಿದ್ದರೂ ಒಂದು ಬೆಲೆ ಕಟ್ಟಿಯೇ ಇರುತ್ತಾರೆ. ಹಣ ಸಾಲದೆಂದು ತಡೆಗೋಡೆ ಕೈಬಿಟ್ಟರೆ, ಅಲ್ಲಿ ಸಾಯಲಿರುವವರ ಜೀವ ಆ ಖರ್ಚಿಗಿಂತ ಅಗ್ಗ ಎಂದಂತೆಯೇ ಆಯಿತು. ಹಾಗಾಗಿ ಲೆಕ್ಕ ಹಾಕುವುದಕ್ಕೆ ನನ್ನ ತಕರಾರಿಲ್ಲ. ಆ ಲೆಕ್ಕದಲ್ಲಿ ತಾರತಮ್ಯ ನುಸುಳುವುದಕ್ಕೆ, ಅದನ್ನು ಜನರಿಂದ ಮುಚ್ಚಿಡುವುದಕ್ಕೆ ಇದೆ.

ಈ ಬೆಲೆ ಕಟ್ಟಲು 1968ರಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ತೋರಿಸಿದ ದಾರಿ ಹೀಗಿದೆ. ಒಂದು ಲಕ್ಷ ಜನರಲ್ಲಿ ಒಂದು ಸಾವನ್ನು ತಪ್ಪಿಸುವ ಕ್ರಮಕ್ಕೆ ಎಲ್ಲರೂ ತಲಾ 100 ಡಾಲರ್ ಕೊಡಲು ಒಪ್ಪಿದರೆ, ತಪ್ಪಿದ ಆ ಒಂದು ಸಾವಿನ ಮೌಲ್ಯ 1 ಕೋಟಿ ಡಾಲರ್. ಸಾಯಬೇಕಿದ್ದವರು ಯಾರೆಂದು ಯಾರಿಗೂ ತಿಳಿಯದು; ಪ್ರತಿಯೊಬ್ಬರೂ ತಮ್ಮ ಪಾಲಿನ ಸಣ್ಣ ಅಪಾಯ ಕಡಿಮೆ ಮಾಡಿಕೊಳ್ಳಲು ಹಣ ಕೊಟ್ಟಿದ್ದಾರೆ, ಅಷ್ಟೆ. ಅಮೆರಿಕದ ಸಾರಿಗೆ ಇಲಾಖೆ ಇಂಥ ಅಂಕಿಯನ್ನು ಬಹಿರಂಗವಾಗಿಯೇ ಪ್ರಕಟಿಸುತ್ತದೆ. 2022ಕ್ಕೆ ಅದು 1.25 ಕೋಟಿ ಡಾಲರ್. ಈ ಅಂಕಿ ಏರಿದಷ್ಟೂ ಹೆಚ್ಚು ಸುರಕ್ಷತಾ ಕ್ರಮಗಳು ಖರ್ಚಿಗೆ ತಕ್ಕವು ಎನ್ನಿಸಿಕೊಳ್ಳುತ್ತವೆ ಎಂಬುದನ್ನು ಟೀಕಾಕಾರರು ಗಮನಿಸಬೇಕು.

ತೊಡಕು ಇರುವುದು 'ಕೊಡಲು ಒಪ್ಪುವುದು' ಎಂಬಲ್ಲಿ. ಕೈಯಲ್ಲಿ ಕಾಸಿಲ್ಲದವರು ಎಷ್ಟು ತಾನೇ ಒಪ್ಪಿಯಾರು? ಹೀಗೇ ಬಿಟ್ಟರೆ ಬಡವರ ಜೀವ ತಾನಾಗಿಯೇ ಅಗ್ಗವಾಗುತ್ತದೆ. ವಯಸ್ಸಿನ ಹೆಸರಿನಲ್ಲೂ ತಾರತಮ್ಯ ನುಸುಳುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಒಂದು ವಿಶ್ಲೇಷಣೆಯಲ್ಲಿ 70 ದಾಟಿದವರ ಜೀವವನ್ನು ಶೇ 37ರಷ್ಟು ಕಡಿಮೆ ಎಣಿಸಿದ್ದರು. ಹಿರಿಯರು ಸಿಡಿದೆದ್ದ ಮೇಲೆ, 2003ರಲ್ಲಿ, ಅದನ್ನು ಕೈಬಿಟ್ಟರು.

ಸತ್ತ ಮೇಲೆ ಕೊಡುವ ಪರಿಹಾರದ ಲೆಕ್ಕ ಬೇರೆಯೇ. ಆದರೂ ಅಲ್ಲಿನ ಒಂದು ಅನುಭವ ಇಲ್ಲಿಗೆ ಹೊಂದುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ಕುಟುಂಬಗಳಿಗೆ ಹಣ ಹಂಚುವ ಹೊಣೆ ವಕೀಲ ಕೆನೆತ್ ಫೈನ್‌ಬರ್ಗ್ ಅವರ ಮೇಲೆ ಬಿತ್ತು. ಸತ್ತವರು ಮುಂದೆ ಗಳಿಸಬಹುದಾಗಿದ್ದ ಆದಾಯವನ್ನೂ ನೋಡಬೇಕೆಂದು ಕಾನೂನೇ ಹೇಳಿತ್ತು. ಹೀಗಾಗಿ ಒಬ್ಬರಿಗೆ 2.5 ಲಕ್ಷ ಡಾಲರ್, ಇನ್ನೊಬ್ಬರಿಗೆ 70 ಲಕ್ಷಕ್ಕೂ ಹೆಚ್ಚು. ಬೆಂಕಿಗೆ ಎದುರಾಗಿ ನಡೆದು ಸತ್ತ ಅಗ್ನಿಶಾಮಕ ಸಿಬ್ಬಂದಿಯ ಮನೆಯವರು, ಬ್ಯಾಂಕಿನವರಿಗಿಂತ ನಮ್ಮವರಿಗೆ ಯಾಕೆ ಕಡಿಮೆ ಎಂದು ಅವರನ್ನೇ ಕೇಳಿದರು. ಇಂಥದ್ದು ಇನ್ನೊಮ್ಮೆ ಬಂದರೆ ಎಲ್ಲ ಜೀವಕ್ಕೂ ಒಂದೇ ಮೊತ್ತ ಕೊಡಬೇಕು ಎಂದು ಫೈನ್‌ಬರ್ಗ್ ಮುಂದೆ ಬರೆದರು. 2007ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ನಡೆದ ಗುಂಡಿನ ದಾಳಿಯ ನಿಧಿಯನ್ನು ಹಂಚುವಾಗ, ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ಸಮನಾಗಿಯೇ ಕೊಟ್ಟರು. ವರ್ಷಗಟ್ಟಲೆ ದುಃಖಿತರ ಎದುರು ಕೂತು ಲೆಕ್ಕ ಹಾಕಿದ ಮನುಷ್ಯ ಬಂದು ಮುಟ್ಟಿದ ತೀರ್ಮಾನವಿದು; ನನಗೆ ಯಾವ ಸೂತ್ರಕ್ಕಿಂತಲೂ ಇದು ದೊಡ್ಡದು.

ಅಪಾಯವನ್ನು ತಾವೇ ಆರಿಸಿಕೊಳ್ಳುವುದು ಒಂದು, ಇನ್ನೊಬ್ಬರ ಲಾಭಕ್ಕಾಗಿ ಹೊರಬೇಕಾಗಿ ಬರುವುದು ಇನ್ನೊಂದು. ಕಾರ್ಖಾನೆಯ ಹೊಗೆ ಕುಡಿಯುವವರನ್ನು 'ಇದನ್ನು ತಪ್ಪಿಸಲು ಎಷ್ಟು ಕೊಡುತ್ತೀರಿ' ಎಂದು ಕೇಳುವುದೇ ಅನ್ಯಾಯ. 'ಇದನ್ನು ಸಹಿಸಲು ಒಪ್ಪುತ್ತೀರಾ' ಎಂದು ಕೇಳಬೇಕು, ಒಪ್ಪುವುದಿಲ್ಲ ಎನ್ನುವ ಹಕ್ಕೂ ಅವರಿಗಿರಬೇಕು. ಈ ಎರಡು ಪ್ರಶ್ನೆಗಳಿಗೆ ಬರುವ ಮೊತ್ತಗಳ ನಡುವೆ ಭಾರಿ ಅಂತರವಿರುತ್ತದೆ ಎಂಬುದು ಅರ್ಥಶಾಸ್ತ್ರಜ್ಞರಿಗೂ ಗೊತ್ತು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಯಾವುದೇ ದೊಡ್ಡ ಯೋಜನೆಯ ಲಾಭ-ವೆಚ್ಚದ ಸುದ್ದಿ ಪ್ರಕಟಿಸುವಾಗ, ಒಂದು ಜೀವಕ್ಕೆ ಎಷ್ಟು ಹಿಡಿದಿದ್ದಾರೆ, ಎಲ್ಲರಿಗೂ ಒಂದೇ ಅಂಕಿಯೇ, ಅಪಾಯ ಹೊರುವವರನ್ನು ಕೇಳಿದ್ದಾರೆಯೇ ಎಂಬುದನ್ನು ನಿಮ್ಮ ವರದಿಗಾರರು ವಿಚಾರಿಸಿ ಬರೆಯಲಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂಬುದನ್ನಾದರೂ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ